ನದಿಗೆ ಬೆಂಕಿ ಬಿದ್ದ ಊರಲ್ಲಿ ಕರೆಂಟ್ ಬಿಲ್ಲಿನ ಪಾಠ

ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ಗೆ ಬಂದ ಮೊದಲ ಚಳಿಗಾಲ. ಸಂಜೆ ಐದಕ್ಕೇ ಕತ್ತಲು. ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತು. ಲೈಬ್ರರಿ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ಲಾ ಕಾಲೇಜಿನಲ್ಲಿ ಪರಿಸರ ಕಾನೂನಿನ ಬಗ್ಗೆ ಉಪನ್ಯಾಸ, ಯಾರು ಬೇಕಾದರೂ ಬರಬಹುದು, ದುಡ್ಡಿಲ್ಲ. ಒಳಗೆ ಬೆಚ್ಚಗಾದರೂ ಇರುತ್ತದೆ ಅಂತ ಸುಮ್ನೆ ಹೋದೆ. ನಾನು ಸಾಫ್ಟ್‌ವೇರಿನವನು. ಕಾನೂನಿಗೂ ನನಗೂ ಇದ್ದ ನಂಟು ವೀಸಾ ಫಾರ್ಮು ತುಂಬುವಷ್ಟೇ.

ಹಾಲ್ ಖಾಲಿ ಹೊಡೆಯುತ್ತಿರುತ್ತದೆ ಅಂದುಕೊಂಡಿದ್ದೆ. ಕೊನೇ ಸಾಲಲ್ಲಿ ಒಂದು ಕುರ್ಚಿ ಸಿಕ್ಕಿದ್ದೇ ಪುಣ್ಯ. ವಿದ್ಯಾರ್ಥಿಗಳಿಗಿಂತ ತಲೆ ನರೆತವರೇ ಜಾಸ್ತಿ, ಅವರ ಕೈಯಲ್ಲಿ ನೋಟ್‌ಬುಕ್ ಬೇರೆ.

ಪ್ರೊಫೆಸರ್ ಪರದೆ ಮೇಲೆ ಒಂದು ಹಳೇ ಫೋಟೋ ಹಾಕಿದರು. ಹೊತ್ತಿ ಉರಿಯುವ ದೋಣಿ, ಆಕಾಶದ ತುಂಬ ಹೊಗೆ. ಈ ಊರಿನ ಕಯಹೋಗಾ ನದಿಗೆ, ಅಂದರೆ ಅದರ ಮೇಲೆ ತೇಲುವ ಎಣ್ಣೆ, ಹೊಲಸಿಗೆ, 1969ರಲ್ಲಿ ಬೆಂಕಿ ಬಿತ್ತು ಅನ್ನುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. "ಈ ಫೋಟೋ 1969ರದ್ದಲ್ಲ, 1952ರದ್ದು" ಅಂದರು ಅವರು. ಟೈಮ್ ಪತ್ರಿಕೆ ಹಳೇ ಫೋಟೋ ಹಾಕಿ ಸುದ್ದಿ ಮಾಡಿತ್ತಂತೆ. 1969ರ ಜೂನ್ 22ರ ಬೆಂಕಿ ಅರ್ಧ ಗಂಟೆಯೊಳಗೆ ಆರಿತ್ತು. ಎರಡು ರೈಲು ಸೇತುವೆಗಳಿಗೆ ಆದ ನಷ್ಟ ಸುಮಾರು 50,000 ಡಾಲರ್. 1952ರದ್ದು 13 ಲಕ್ಷ ಡಾಲರಿಗೂ ಮೇಲೆ. 1868ರಿಂದ ಹತ್ತಾರು ಸಲ ಹೊತ್ತಿಕೊಂಡ ನದಿ ಅದು!

ಹಾಗಾದರೆ ಚಿಕ್ಕ ಬೆಂಕಿಗೇ ಯಾಕೆ ಇಷ್ಟು ಹೆಸರು? ಮರುದಿನವೇ ಮೇಯರ್ ಕಾರ್ಲ್ ಸ್ಟೋಕ್ಸ್ ವರದಿಗಾರರನ್ನು ನದಿ ದಂಡೆಗೆ ಕರೆದುಕೊಂಡು ಹೋದರು. ಅವರ ತಕರಾರು ನನಗೆ ಹಿಡಿಸಿತು. ಹೊಲಸು ಹರಿಯುವುದು ನಗರದ ನಡುವೆ, ಕಾರ್ಖಾನೆಗಳಿಗೆ ಪರವಾನಗಿ ಕೊಡುವುದು ರಾಜ್ಯ, ನಗರದ ಕೈಯಲ್ಲಿ ಏನೂ ಇಲ್ಲ. ಅದರ ಹಿಂದಿನ ವರ್ಷವೇ ನದಿ ಸ್ವಚ್ಛ ಮಾಡಲು 10 ಕೋಟಿ ಡಾಲರ್ ಸಾಲಪತ್ರಕ್ಕೆ ಊರ ಜನ ಮತ ಹಾಕಿದ್ದರು. 1970ರಲ್ಲಿ ಪರಿಸರ ಕಾಯುವ ಕೇಂದ್ರ ಸರ್ಕಾರದ ಸಂಸ್ಥೆ ಇಪಿಎ ಹುಟ್ಟಿತು, 1972ರಲ್ಲಿ ಶುದ್ಧ ನೀರಿನ ಕಾಯಿದೆ ಬಂತು. ಎಲ್ಲ ಈ ಬೆಂಕಿಯಿಂದಲೇ ಅಂದರೆ ಅತಿಯಾದೀತು. ಜನರ ತಾಳ್ಮೆ ಅಷ್ಟರಲ್ಲಾಗಲೇ ಮುಗಿದಿತ್ತು.

ಅಂದಿನಿಂದ ಅಲ್ಲಿ ಉಪನ್ಯಾಸ ಇದೆ ಅಂದರೆ ತಪ್ಪಿಸಿಕೊಂಡಿಲ್ಲ. ಎಲ್ಲವೂ ಚೆನ್ನಾಗಿರುತ್ತದೆ ಅಂತಲ್ಲ. ಕೆಲವರು ಸ್ಲೈಡ್ ಓದುತ್ತಾ ಹೋಗುತ್ತಾರೆ, ನಾನು ಕಿಟಕಿಯ ಹೊರಗೆ ಹಿಮ ನೋಡುತ್ತಾ ಕೂರುತ್ತೇನೆ. 2024ರಲ್ಲಿ ಸುಪ್ರೀಂ ಕೋರ್ಟ್ 40 ವರ್ಷದ ಶೆವ್ರಾನ್ ತೀರ್ಪನ್ನು ತಳ್ಳಿಹಾಕಿತಲ್ಲ, ಕಾನೂನಿನಲ್ಲಿ ಸ್ಪಷ್ಟ ಇಲ್ಲದ ಕಡೆ ಇಲಾಖೆಯ ಅರ್ಥವನ್ನೇ ಒಪ್ಪಬೇಕು ಅನ್ನುವಂಥದ್ದು, ಆಮೇಲೆ ಒಬ್ಬರು ಬಂದು "ನನ್ನ ನೋಟ್ಸ್ ಎಲ್ಲ ರದ್ದಿಗೆ ಹೋಯಿತು" ಅಂತ ನಗುತ್ತಲೇ ಶುರು ಮಾಡಿದರು.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಕರೆಂಟಿನ ಉಪನ್ಯಾಸ. ತಂತಿ ಎಳೆಯುವ ಕಂಪನಿಗೆ ಒಂದು ಪ್ರದೇಶದಲ್ಲಿ ಪೈಪೋಟಿ ಇಲ್ಲ. ಒಂದೇ ಬೀದಿಯಲ್ಲಿ ಐದು ಕಂಪನಿಗಳ ಕಂಬ ನೆಡಲಾಗುತ್ತದೆಯೇ? ಅದಕ್ಕೇ ದರವನ್ನು ರಾಜ್ಯದ ಆಯೋಗ ಗೊತ್ತು ಮಾಡುತ್ತದೆ. ಓಹಾಯೋದಲ್ಲಿ ಐವರು ಸದಸ್ಯರ ಆಯೋಗ, ನೇಮಿಸುವವರು ಗವರ್ನರ್. ಕಂಪನಿ ಹೂಡಿದ ಬಂಡವಾಳಕ್ಕೆ ಇಂತಿಷ್ಟು ಲಾಭ ಅಂತ ಆಯೋಗ ಒಪ್ಪುತ್ತದೆ. ಲೆಕ್ಕಕ್ಕೆ ನೂರಕ್ಕೆ ಹತ್ತು ಅಂದುಕೊಳ್ಳಿ. ಸಾವಿರ ಡಾಲರಿನ ಕಂಬ ನೆಟ್ಟರೆ ಮೊದಲ ವರ್ಷ ನೂರು ಡಾಲರ್ ಲಾಭ. ಕಂಬದ ಬೆಲೆ ಸವೆದಂತೆ ಅದೂ ಇಳಿಯುತ್ತದೆ. ಗಿರಾಕಿಗಳು ಕರೆಂಟ್ ಉಳಿಸುವಂತೆ ಮಾಡಿ ಕಂಬವೇ ಬೇಡವಾದರೆ? ಲಾಭ ಸೊನ್ನೆ. ಹಾಗಾಗಿ ಕಂಪನಿಗೆ ಯಾವಾಗಲೂ ಕಂಬದ ಮೇಲೇ ಕಣ್ಣು. ಅವರ್ಚ್ ಮತ್ತು ಜಾನ್ಸನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 1962ರಲ್ಲೇ ಇದನ್ನು ತೋರಿಸಿಕೊಟ್ಟಿದ್ದರಂತೆ.

ಪ್ರಶ್ನೆ ಕೇಳುವ ಹೊತ್ತಿಗೆ ಒಬ್ಬ ಅಜ್ಜಿ ಎದ್ದರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಬಿಲ್ಲು, ಮೇಲೆ ಕೆಂಪು ಪೆನ್ನಿನ ಗೆರೆ.

"ನಮ್ಮ ಬೀದಿಗೆ ಹೊಸ ಕಂಬ ಹಾಕಿದರು. ಅದರ ದುಡ್ಡು ನಾನು ಇನ್ನೆಷ್ಟು ವರ್ಷ ಕಟ್ಟಬೇಕು?"

"ಕಂಬ ಬಾಳುವಷ್ಟು ವರ್ಷ ಅಂತಿಟ್ಟುಕೊಳ್ಳಿ. ನಲವತ್ತಾದರೂ ಆದೀತು."

"ಹಾಗಾದರೆ ಗೆಲ್ಲುವುದು ಕಂಬವೇ" ಅಂದು ಅಜ್ಜಿ ಕೂತರು. ಹಾಲೆಲ್ಲ ನಗು.

ಇಲ್ಲಿಯವರು ಬಿಲ್ಲನ್ನು ಇಷ್ಟು ಕೂಲಂಕಷವಾಗಿ ಓದುವುದಕ್ಕೆ ಒಂದು ಕಾರಣವೂ ಇದೆ. 2019ರಲ್ಲಿ ಎರಡು ಅಣು ವಿದ್ಯುತ್ ಸ್ಥಾವರಗಳಿಗೆ ಜನರ ಬಿಲ್ಲಿನಿಂದಲೇ 100 ಕೋಟಿ ಡಾಲರಿಗೂ ಹೆಚ್ಚು ಕೊಡಿಸುವ ಕಾನೂನನ್ನು ಓಹಾಯೋ ಪಾಸು ಮಾಡಿತು. ಮರುವರ್ಷ ಜನಪ್ರತಿನಿಧಿ ಸಭೆಯ ಸ್ಪೀಕರ್ ಅರೆಸ್ಟ್ ಆದರು. ಆ ಕಾನೂನು ಪಾಸು ಮಾಡಿಸಲು ಸುಮಾರು 6 ಕೋಟಿ ಡಾಲರ್ ಲಂಚ ಪಡೆದ ಪ್ರಕರಣ. 2023ರಲ್ಲಿ 20 ವರ್ಷ ಜೈಲು ಶಿಕ್ಷೆಯಾಯಿತು. ಹಾಲ್ ಯಾಕೆ ತುಂಬಿತ್ತು ಅಂತ ಈಗ ಗೊತ್ತಾಯಿತಲ್ವಾ?

ಕಂಪನಿ ದರ ಏರಿಸಲು ಕೇಳಿದಾಗ ಆಯೋಗ ಊರಲ್ಲೇ ಸಾರ್ವಜನಿಕ ವಿಚಾರಣೆ ಇಡುತ್ತದೆ, ಯಾರು ಬೇಕಾದರೂ ಮಾತಾಡಬಹುದು ಅಂತಲೂ ಅಲ್ಲೇ ಕೇಳಿದ್ದೆ. ಕಳೆದ ಸಲ ಹೋದೆ. ತಿಂಗಳಿಡೀ ಊರಲ್ಲಿ ಇಲ್ಲದಿದ್ದರೂ ಬಿಲ್ಲಿನಲ್ಲಿ ಒಂದು ಮೊತ್ತ ಕದಲುವುದೇ ಇಲ್ಲ, ನನ್ನ ದೂರು ಅದರ ಮೇಲೆ. ಬಲಗೈ ಎತ್ತಿ ಪ್ರಮಾಣ ಮಾಡಿಸಿದರು. ಗಂಟಲು ಒಣಗಿತ್ತು. ಹೆಸರು ಹೇಳಿ ಮಾತು ಶುರು ಮಾಡುವಷ್ಟರಲ್ಲಿ, ಎಲ್ಲ ಮಾತನ್ನೂ ಟೈಪ್ ಮಾಡುತ್ತಿದ್ದಾಕೆ ಕೈ ಎತ್ತಿ ತಡೆದರು. "ಸರ್, ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಒಂದೊಂದೇ ಅಕ್ಷರ ಹೇಳಿ. ಇದು ದಾಖಲೆಗೆ ಹೋಗುತ್ತದೆ."