ನಾಲ್ಕು ಬಂದವು, ಎರಡು ಬರಲಿಲ್ಲ

ಚಳಿಗಾಲದಲ್ಲಿ ಇಲ್ಲಿ ಮೊಂಟಾನಾದಲ್ಲಿ ಶನಿವಾರ ರಾತ್ರಿ ಎಂಟು ಗಂಟೆಯಾದಾಗ ಹುಬ್ಬಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಎಂಟೂವರೆ. ಕೇಶ್ವಾಪುರದ ಮನೆಯ ಪಡಸಾಲೆಯಲ್ಲಿ ಕಾಕಾ ಎರಡನೆಯ ಚಹಾ ಮುಗಿಸಿ, ಮೊಬೈಲನ್ನು ನೀರಿನ ತಂಬಿಗೆಗೆ ಆನಿಸಿಟ್ಟು ಕುಳಿತಿರುತ್ತಾರೆ. ಮಳೆ, ಮದುವೆ, ಯಾರ ಮನೆಯ ಗೋಡೆ ಯಾರ ಜಾಗಕ್ಕೆ ಬಂತು ಎಂಬುದೇ ನಮ್ಮ ಮಾತು. ಕಳೆದ ಡಿಸೆಂಬರಿನಲ್ಲಿ ಮಾತ್ರ ನಾನು ಕ್ಯಾಮೆರಾವನ್ನು ಮೇಜಿನ ಕಡೆ ತಿರುಗಿಸಿ, ‘ಕಾಕಾ, ಇದನ್ನು ಸ್ವಲ್ಪ ನೋಡಿರಿ’ ಎಂದೆ. ಮೇಜಿನ ಮೇಲೆ ಒಂದು ರೈಫಲ್ ಇತ್ತು. ಕಾಕಾ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದರು. ಹಿಂದಿನಿಂದ ಕಾಕು, ‘ಇವನಿಗೆ ಏನು ಕೇಡುಗಾಲ ಬಂತೋ’ ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಬಂದೂಕು ನನ್ನದಲ್ಲ, ನೆರೆಮನೆಯ ಅಜ್ಜನದು. ವೀಸಾದ ಮೇಲೆ ಇದ್ದ ವರ್ಷಗಳಲ್ಲಿ ಇಂಥದ್ದನ್ನು ಮುಟ್ಟುವ ಗೋಜಿಗೇ ಹೋಗಿರಲಿಲ್ಲ. ವಲಸೆ ವೀಸಾ ಇಲ್ಲದವರಿಗೆ ಬಂದೂಕಿನ ಕಾನೂನು ಇಲ್ಲಿ ಬಿಗಿ. ಗ್ರೀನ್ ಕಾರ್ಡ್ ಬಂದ ಮೇಲೂ ಬೇಟೆಯ ಆಸೆ ಹುಟ್ಟಲಿಲ್ಲ. ಆದರೆ ಕೆಟ್ಟ ಯಂತ್ರವನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ, ಅದು ಮನೆತನದ ರೋಗ. ಕಾಕಾ ಗದಗ ರಸ್ತೆಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಬಂದೂಕಿನ ವಿಷಯದಲ್ಲಿ ಅವರ ಅನುಭವವೆಂದರೆ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುವ ಕಾವಲುಗಾರನ ಜೋಡುನಳಿಗೆ, ಮತ್ತು ಚುನಾವಣೆ ಬಂದಾಗ ಊರ ಗೌಡರು ಲೈಸೆನ್ಸಿನ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಿದ್ದ ದೃಶ್ಯ.

ಅಜ್ಜನದು ವಿಂಚೆಸ್ಟರ್ 94, 1964ಕ್ಕಿಂತ ಹಿಂದಿನದು. ಆ ವರ್ಷ ಕಂಪನಿ ಖರ್ಚು ತಗ್ಗಿಸಲು ತಯಾರಿಕೆಯ ಕ್ರಮವನ್ನೇ ಬದಲಿಸಿತು, ಹಾಗಾಗಿ ಹಳೆಯದಕ್ಕೆ ಇಲ್ಲಿ ಬೆಲೆ ಹೆಚ್ಚು. ಮೂಲ ವಿನ್ಯಾಸ ಜಾನ್ ಬ್ರೌನಿಂಗ್ ಎಂಬಾತನದು, 1894ರದು. ಕುದುರೆ ಸವಾರರ ಸಿನಿಮಾಗಳಲ್ಲಿ ಹಿಡಿಕೆಯ ಕೆಳಗಿನ ಬಳೆಯನ್ನು ಕೆಳಗೆಳೆದು ಮೇಲೆ ತರುತ್ತಾರಲ್ಲ, ಅದೇ ಜಾತಿ; ಆ ಬಳೆಯೇ ಲಿವರ್. ತೋಟೆಗಳು ನಳಿಗೆಯ ಕೆಳಗಿನ ಇನ್ನೊಂದು ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಕೊಳವೆಯ ತುದಿಯಲ್ಲಿ ಉದ್ದನೆಯ ಸ್ಪ್ರಿಂಗ್, ಅದರ ಮುಂದೆ ಫಾಲೋವರ್ ಎಂಬ ಸಣ್ಣ ಲೋಹದ ಬಟ್ಟಲು. ಲಿವರ್ ಎಳೆದಾಗ ಸ್ಪ್ರಿಂಗ್ ನೂಕಿದ ತೋಟೆ ಕ್ಯಾರಿಯರ್ ಮೇಲೆ ಜಾರುತ್ತದೆ, ಕ್ಯಾರಿಯರ್ ಅದನ್ನು ಮೇಲಕ್ಕೆತ್ತುತ್ತದೆ, ಲಿವರ್ ಮರಳಿದಾಗ ಬೋಲ್ಟ್ ಎಂಬ ಜಾರುವ ಉಕ್ಕಿನ ತುಂಡು ಅದನ್ನು ಚೇಂಬರಿಗೆ, ಎಂದರೆ ನಳಿಗೆಯ ಹಿಂತುದಿಯ ಗೂಡಿಗೆ, ತಳ್ಳುತ್ತದೆ.

‘ಒಂದರ ಮೂತಿ ಇನ್ನೊಂದರ ಬೆನ್ನಿಗೆ ತಾಗಿಕೊಂಡಿರುತ್ತದಲ್ಲ, ಹೊಡೆದುಕೊಳ್ಳುವುದಿಲ್ಲವೇ?’ ಕಾಕಾ ಕೇಳಿದ ಮೊದಲ ಪ್ರಶ್ನೆಯೇ ಇದು. ನಾನು ಈ ಅನುಮಾನಕ್ಕೆ ಬರಲು ಒಂದು ವಾರ ಹಿಡಿದಿತ್ತು. ಅದಕ್ಕಾಗಿಯೇ ಇದರ ಗುಂಡಿನ ಮೂತಿ ಚಪ್ಪಟೆ ಎಂದೆ. ಚೂಪು ಮೂತಿಯ ಗುಂಡು ಹಾಕಿದರೆ ಧಕ್ಕೆಗೆ ಮುಂದಿನ ತೋಟೆಯ ಹಿಂಬದಿಯಲ್ಲಿ ಕಿಡಿ ಕೊಡುವ ಕ್ಯಾಪಿಗೆ ಚುಚ್ಚಿ, ಕೊಳವೆಯೊಳಗೇ ಸಿಡಿಯುವ ಅಪಾಯವಿದೆ. ಕಾಕಾ ತಲೆಯಾಡಿಸಿ, ‘ಈಗ ಖಾಲಿ ಇದೆಯೇ?’ ಎಂದರು. ಇದೆ ಎಂದೆ. ‘ತೋರಿಸು’ ಎಂದರು. ಲಿವರ್ ತೆರೆದು, ಚೇಂಬರಿಗೂ ಕೊಳವೆಯ ಬಾಯಿಗೂ ಟಾರ್ಚ್ ಹಿಡಿದು ತೋರಿಸಿದೆ. ಐದು ನಿಮಿಷದ ಮೇಲೆ ಅದೇ ಪ್ರಶ್ನೆ ಇನ್ನೊಮ್ಮೆ ಬಂತು. ಇನ್ನೊಮ್ಮೆ ತೋರಿಸಿದೆ.

ರೋಗ ಇಷ್ಟು. ಆರು ತೋಟೆ ತುಂಬಿದರೆ ನಾಲ್ಕು ಸಲೀಸಾಗಿ ಬರುತ್ತವೆ. ಐದನೆಯ ಸಲ ಲಿವರ್ ಆಡುತ್ತದೆ, ಬೋಲ್ಟ್ ಆಡುತ್ತದೆ, ಚೇಂಬರ್ ಮಾತ್ರ ಬರಿದು. ನವೆಂಬರಿನ ಬೇಟೆಯಲ್ಲಿ ಅಜ್ಜನಿಗೆ ಜಿಂಕೆ ತಪ್ಪಿದ್ದು ಹೀಗೆ. ಜಿಂಕೆ ತಪ್ಪಿದ್ದು ದೊಡ್ಡ ಮಾತಲ್ಲ; ಬಂದೂಕು ಖಾಲಿಯಾಯಿತು ಎಂದು ನಂಬಿ ಎರಡು ತೋಟೆ ಒಳಗಿಟ್ಟುಕೊಂಡೇ ಅವರು ಮನೆಗೆ ಬಂದಿದ್ದರು. ಮನೆಗೆ ಬಂದು ಬಂದೂಕನ್ನು ಗೋಡೆಗೆ ಒರಗಿಸುವಾಗ ಒಳಗೆ ಏನೋ ಕುಲುಕಿದ್ದು ಕೇಳಿ ಅವರ ಜೀವ ಬಾಯಿಗೆ ಬಂದಿತ್ತು.

ಇಲ್ಲಿಯ ಬಂದೂಕಿನ ಅಂಗಡಿಯೊಂದರಲ್ಲಿ ತೋರಿಸಿದಾಗ ಅಲ್ಲಿಯವನು ಕ್ಯಾರಿಯರ್ ಸವೆದಿದೆ, ಬದಲಿಸಬೇಕು ಎಂದಿದ್ದ. ಮಾರ್ಲಿನ್ ಎಂಬ ಇನ್ನೊಂದು ಕಂಪನಿಯ ಹಳೆಯ ರೈಫಲುಗಳಲ್ಲಿ ಕ್ಯಾರಿಯರ್ ಸವೆದು, ಎರಡನೆಯ ತೋಟೆ ಅದರ ಅಡಿಗೆ ನುಸುಳಿ, ಲಿವರ್ ಅರ್ಧದಲ್ಲೇ ಸಿಕ್ಕಿಕೊಳ್ಳುವುದುಂಟು. ಅದಕ್ಕೆ ‘ಮಾರ್ಲಿನ್ ಜಾಮ್’ ಎಂಬ ಹೆಸರೇ ಇದೆ. ಬಹುಶಃ ಅದೇ ಅವನ ತಲೆಯಲ್ಲಿತ್ತು. ನಾನು ಅವನಿಗಿಂತ ಜಾಣನೆಂದುಕೊಂಡು ಹೊಸ ಸ್ಪ್ರಿಂಗ್ ತರಿಸಿ ಹಾಕಿದೆ. ಆಗಲೂ ನಾಲ್ಕೇ ಬಂದವು.

ಕಾಕಾ ಎಲ್ಲವನ್ನೂ ಕೇಳಿ, ‘ಪ್ರತಿ ಸಲವೂ ನಾಲ್ಕಕ್ಕೇ ನಿಲ್ಲುತ್ತದೆಯೋ, ಒಮ್ಮೆ ಎರಡಕ್ಕೆ ಒಮ್ಮೆ ಐದಕ್ಕೆ ನಿಲ್ಲುತ್ತದೆಯೋ?’ ಎಂದರು.

‘ನಾಲ್ಕಕ್ಕೇ.’

‘ಹಾಗಾದರೆ ಕ್ಯಾರಿಯರನ್ನು ಬಿಡು. ಎತ್ತುವವನು ಕೆಟ್ಟಿದ್ದರೆ ಮೊದಲನೆಯದನ್ನೂ ಎತ್ತಲು ತಡವರಿಸುತ್ತಿದ್ದ. ಒಂದೇ ಎಣಿಕೆಗೆ ನಿಲ್ಲುತ್ತದೆ ಎಂದರೆ ಒಂದೇ ಜಾಗದಲ್ಲಿ ಸಿಕ್ಕುತ್ತದೆ. ತುದಿಯನ್ನು ಮೇಲಕ್ಕೆತ್ತಿ ಲಿವರ್ ಎಳೆದು ನೋಡು.’

ಮದ್ದಿಲ್ಲದ ಡಮ್ಮಿ ತೋಟೆಗಳನ್ನು ತುಂಬಿ, ನಾಲ್ಕು ತೆಗೆದು, ನಳಿಗೆಯ ತುದಿಯನ್ನು ಗ್ಯಾರೇಜಿನ ಮಾಡಿನತ್ತ ಎತ್ತಿ ಲಿವರ್ ಎಳೆದೆ. ಐದನೆಯದು ತನ್ನ ಭಾರಕ್ಕೆ ತಾನೇ ಜಾರಿ ಬಂತು, ಆರನೆಯದೂ ಬಂತು. ತೋಟೆ ಸಿಕ್ಕಿಕೊಂಡಿರಲಿಲ್ಲ, ಅದನ್ನು ನೂಕಬೇಕಾದ ಫಾಲೋವರ್ ಸಿಕ್ಕಿಕೊಂಡಿತ್ತು. ತೋಟೆಯ ಹಿಂಬದಿಯ ಅಂಚು ತೆಳು, ಇಕ್ಕಟ್ಟಿನಲ್ಲೂ ನುಸುಳುತ್ತದೆ. ಫಾಲೋವರ್ ಉದ್ದನೆಯ ಬಟ್ಟಲು, ಅದು ಅಡ್ಡ ನಿಲ್ಲುತ್ತದೆ. ಕಾಕಾ ಒಂದು ತೋಟೆಯ ಉದ್ದ ಕೇಳಿದರು. ಈ ಬಂದೂಕಿಗೆ ಹಾಕುವ ಥರ್ಟಿ-ಥರ್ಟಿ ಎಂಬ ತೋಟೆ ಹೆಚ್ಚೆಂದರೆ 2.55 ಇಂಚು. ‘ಎರಡು ಉಳಿದಿವೆ. ತೋಟೆ ಹೊರಬರುವ ಬಾಯಿಯಿಂದ ಐದು ಇಂಚಿನ ಸುತ್ತಮುತ್ತ ನೋಡು’ ಎಂದು ಹೇಳಿ ಸ್ನಾನಕ್ಕೆ ಎದ್ದು ಹೋದರು.

ಬಾಯಿಯಿಂದ ಐದು ಇಂಚು ಎಂದರೆ ಮುಂದಿನ ಕೈಯಿಂದ ಹಿಡಿಯುವ ಮರದ ಒಳಗೆ. ಹೊರಗಿನಿಂದ ಯಾರಿಗೂ ಕಾಣದ ಜಾಗ. ಅದನ್ನು ಬಿಚ್ಚಲು ಮೊದಲ ತೊಡಕು ಸ್ಕ್ರೂಗಳದು. ಹಳೆಯ ಬಂದೂಕಿನ ಸ್ಕ್ರೂವಿನ ಗೀರು ತೀರ ಕಿರಿದು, ಮನೆಯ ಸ್ಕ್ರೂಡ್ರೈವರಿನ ತುದಿ ಅರ್ಧಕ್ಕೇ ನಿಂತು ಜಾರುತ್ತದೆ, ಒಮ್ಮೆ ಜಾರಿದರೆ ತಲೆ ಕಿತ್ತುಹೋಗುತ್ತದೆ. ಮರುದಿನ ಕಾಕಾ ನನ್ನಿಂದ ಸ್ಕ್ರೂಡ್ರೈವರಿನ ತುದಿಯನ್ನು ಅರದಿಂದ ಉಜ್ಜಿಸಿದರು, ತುದಿ ಗೀರಿನ ತಳಕ್ಕೆ ಮುಟ್ಟಿ ಅಲುಗಾಡದೆ ಕೂರುವವರೆಗೆ. ‘ಇನ್ನೊಂದು ನಾಲ್ಕು ಸಲ’ ಎಂದು ಅವರು ಏಳು ಬಾರಿ ಹೇಳಿದರು. ಕೊಳವೆಯ ತುದಿಯ ಮುಚ್ಚಳದ ಸ್ಕ್ರೂ ತೆಗೆಯುವಾಗ ಹೆಬ್ಬೆರಳು ಒತ್ತಿ ಹಿಡಿ ಎಂದೂ ಹೇಳಿದ್ದರು. ನಾನು ಹಿಡಿದದ್ದು ಸಾಲಲಿಲ್ಲ. ಸ್ಪ್ರಿಂಗ್ ಮುಚ್ಚಳವನ್ನು ಹಾರಿಸಿ, ಅದು ಮೂಲೆಯಲ್ಲಿದ್ದ ಹಿಮ ಎತ್ತುವ ಸಲಿಕೆಗೆ ಠಣ್ಣೆಂದು ಬಡಿಯಿತು. ಹುಬ್ಬಳ್ಳಿಯಲ್ಲಿ ಕಾಕು ‘ಅಯ್ಯೋ ಶಿವನೇ’ ಎಂದು ಕೂಗಿದರು.

ಮರ ಬಿಚ್ಚಿ, ಕೊಳವೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದು ಒಳಗೆ ನೋಡಿದರೆ, ದುಂಡಗಿನ ಬೆಳಕಿನ ಉಂಗುರ ಒಂದು ಕಡೆ ಮೊಟ್ಟೆಯಾಗಿತ್ತು. ಹೊರಗೆ ಎದುರುಬದುರಾಗಿ ಎರಡು ನೆಗ್ಗು, ನೆಗ್ಗಿನ ಮೇಲೆ ಹಲ್ಲಿನ ಗೆರೆ. ಕಾಕಾ ಅದನ್ನು ಕಂಡದ್ದೇ ತಡ, ‘ಯಾವನೋ ವೈಸಿನಲ್ಲಿ ಕಚ್ಚಿಸಿದ್ದಾನೆ, ಮಧ್ಯೆ ಒಂದು ಚೂರು ಚರ್ಮವನ್ನೂ ಇಟ್ಟಿಲ್ಲ’ ಎಂದರು. ಸತ್ತವನೋ ಬದುಕಿದವನೋ, ಆ ಮನುಷ್ಯನಿಗೆ ಅಂದು ಪೂರ್ತಿ ಬೈಗುಳ ಬಿತ್ತು.

ನೆಗ್ಗು ತೆಗೆಯುವುದು ಕಂಚಗಾರ ಗಲ್ಲಿಯಲ್ಲಿ ತಾಮ್ರದ ಕೊಡಕ್ಕೆ ಮಾಡುವ ಕೆಲಸವೇ, ಕೈ ಒಳಗೆ ಹೋಗುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಅಜ್ಜನ ಗ್ಯಾರೇಜಿನಲ್ಲಿ ಸಣ್ಣ ಲೇಥ್ ಇದೆ. ಉಕ್ಕಿನ ತುಂಡಿಗೆ ದುಂಡು ಮೂತಿ ಕೊಟ್ಟು, ಕೊಳವೆಯ ಒಳಗಾತ್ರಕ್ಕಿಂತ ತುಸು ತುಸುವೇ ಕಡಿಮೆಯಾಗುವಂತೆ ಮೂರು ಅಳತೆಯಲ್ಲಿ ಮಾಡಿಕೊಂಡೆವು. ಎಣ್ಣೆ ಸವರಿ, ಮೊದಲು ಚಿಕ್ಕದನ್ನು ಹಿತ್ತಾಳೆಯ ಸರಳಿನಿಂದ ಮೆಲ್ಲಗೆ ತಟ್ಟುತ್ತ ದಾಟಿಸಿ, ಆಮೇಲೆ ಮಧ್ಯದ್ದನ್ನು, ಕೊನೆಗೆ ದೊಡ್ಡದನ್ನು. ಒಂದೇ ಏಟಿಗೆ ದೊಡ್ಡದನ್ನು ಹಾಕಿದ್ದರೆ ತೆಳು ಕೊಳವೆ ಬಿರಿಯುತ್ತಿತ್ತು. ಮೂರನೆಯದು ಇಕ್ಕಟ್ಟಿನ ಜಾಗಕ್ಕೆ ಬಂದಾಗ ಸುತ್ತಿಗೆಯ ಸದ್ದು ‘ಟಪ್’ ಎಂಬುದರಿಂದ ‘ಟಿಣ್’ ಎಂಬುದಕ್ಕೆ ತಿರುಗಿತು. ‘ದಾಟಿತು’ ಎಂದು ಕಾಕಾ ಅಲ್ಲಿಂದಲೇ ಹೇಳಿದರು, ನಾನು ನೋಡುವ ಮೊದಲೇ.

ಒಳಗಿನ ಹಳೆಯ ಎಣ್ಣೆ ಅರಗಿನಂತೆ ಅಂಟಿತ್ತು, ಅದನ್ನು ಉಜ್ಜಿ ತೆಗೆದೆ. ಹೊಸದಾಗಿ ಎಣ್ಣೆ ಸುರಿಯಲಿಲ್ಲ, ಒರೆಸಿದಷ್ಟೇ ಸಾಕು. ಇಲ್ಲಿಯ ಚಳಿಗೆ ದಪ್ಪ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟಿ, ತಾನೇ ಫಾಲೋವರನ್ನು ಹಿಡಿದು ನಿಲ್ಲಿಸುತ್ತದೆ. ನಾನು ಕಿತ್ತಿಟ್ಟಿದ್ದ ಹಳೆಯ ಸ್ಪ್ರಿಂಗನ್ನು ಕೈಯಿಂದ ಎಳೆದು ಉದ್ದ ಮಾಡಿ ಮತ್ತೆ ಹಾಕಲೇ ಎಂದು ಕೇಳಿದ್ದಕ್ಕೆ, ಎಳೆದ ಸ್ಪ್ರಿಂಗ್ ಎರಡು ದಿನದ ಗಂಡ ಎಂದು ಕಾಕಾ ಬೈದರು. ಹೊಸದೇ ಉಳಿಯಿತು. ಎಲ್ಲ ಜೋಡಿಸಿ ಆರು ಡಮ್ಮಿ ತುಂಬಿದೆ. ನಳಿಗೆಯನ್ನು ನೆಲಕ್ಕೆ ಸಮವಾಗಿ, ಆಮೇಲೆ ತುದಿ ಕೆಳಗೆ ಮಾಡಿ ಎಳೆದೆ. ಎರಡು ರೀತಿಯಲ್ಲೂ ಆರಕ್ಕೆ ಆರೂ ಬಂದವು. ಅಜ್ಜ ಇನ್ನೂ ಹತ್ತು ಸಲ ತುಂಬಿ ಎಳೆದು, ಪ್ರತಿ ಸಲವೂ ನೆಲಕ್ಕೆ ಬಿದ್ದದ್ದನ್ನು ಬೆರಳು ಮಡಿಸಿ ಎಣಿಸಿದರು.

ಅಜ್ಜ ಕೊಡಲು ಬಂದದ್ದು ಹೊಗೆಯಲ್ಲಿ ಒಣಗಿಸಿದ ಜಿಂಕೆಯ ಮಾಂಸ. ನಮ್ಮ ಮನೆಯಲ್ಲಿ ತಿನ್ನುವುದಿಲ್ಲ ಎಂದಾಗ, ಕಾಡಿನ ಹಕಲ್‌ಬೆರಿಯ ಜಾಮ್ ಎರಡು ಶೀಸೆ ಕೊಟ್ಟರು, ಒಂದು ಹುಬ್ಬಳ್ಳಿಗೆ ಎಂದು ಒತ್ತಿ ಹೇಳಿ. ಜನವರಿಯಲ್ಲಿ ಊರಿಗೆ ಹೊರಟ ಗೆಳೆಯನ ಕೈಯಲ್ಲಿ ಕಳಿಸಿದೆ. ಕಾಕಾ ಚಪಾತಿಗೆ ಹಚ್ಚಿಕೊಂಡು ತಿಂದು, ನೇರಳೆಹಣ್ಣಿಗೆ ಯಾರೋ ಸಕ್ಕರೆಯ ಗೋಣಿಯನ್ನೇ ಸುರಿದಂತಿದೆ ಎಂದರು. ಆಮೇಲೆ ಆ ಮೂರು ಉಕ್ಕಿನ ತುಂಡುಗಳನ್ನು ಎಸೆದಿಲ್ಲ ತಾನೇ ಎಂದು ವಿಚಾರಿಸಿದರು.