ಎಮ್ಮೆ ರಿಬ್ಸ್, ನೀಲಿ ದ್ರಾಕ್ಷಿ: ನಾಲ್ಕು ಭಾನುವಾರಗಳ ಟಿಪ್ಪಣಿ

ಫೆಬ್ರವರಿ 1

ಒಂದು ವರ್ಷದಿಂದ ಮನಸ್ಸಿನಲ್ಲಿದ್ದ ಅಡುಗೆ ಇವತ್ತು ಶುರುವಾಯಿತು. ಉದ್ದ ಮೂಳೆಯ ಬೀಫ್ ರಿಬ್ಸ್ (ಪಕ್ಕೆಲುಬು) ಓವನ್‌ನಲ್ಲಿ ನಿಧಾನವಾಗಿ ಬೇಯಬೇಕು, ಮೇಲೆ ಬಳಿದ ಹಣ್ಣಿನ ಸಿಹಿ ಲೇಪ, ಅಂದರೆ ಬಾರ್ಬೆಕ್ಯೂ ಗ್ಲೇಜ್, ಮಿರಮಿರ ಹೊಳೆಯಬೇಕು. ಅಮೆರಿಕದವರು ಇದಕ್ಕೆ ಪೀಚ್, ಏಪ್ರಿಕಾಟ್, ಚೆರಿ ಹಾಕುತ್ತಾರೆ. ನಮ್ಮ ಬೀದಿ ಗಾಡಿಗಳಲ್ಲಿ ಈಗ ಬೆಂಗಳೂರು ನೀಲಿ ದ್ರಾಕ್ಷಿ ತುಂಬಿದೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, 2013ರಲ್ಲಿ ಜಿಐ (ಭೌಗೋಳಿಕ ಗುರುತು) ಪಡೆದ ಹಣ್ಣು. ಗಾಡಿ ಇನ್ನೂ ದೂರ ಇರುವಾಗಲೇ ಮೂಗಿಗೆ ಬಡಿಯುವ ಆ ವಾಸನೆ ಗಾಡಿಯ ಬೇರೆ ದ್ರಾಕ್ಷಿಗೆ ಇಲ್ಲ. ನನಗೆ ಅದೇ ಬೇಕು.

ಬೆಳಿಗ್ಗೆ 7ಕ್ಕೆ ಶಿವಾಜಿನಗರದ ಮಾಂಸದ ಅಂಗಡಿಯಲ್ಲಿದ್ದೆ. ಇಲ್ಲಿ ರಿಬ್ಸ್ ಅಂದರೆ ಸಾರು ಮಾಡಲು ಅಂದುಕೊಂಡು ಸಣ್ಣಗೆ ತುಂಡು ಮಾಡಿಬಿಡುತ್ತಾರೆ. ಕತ್ತಿ ಎತ್ತುವ ಮೊದಲೇ ಹೇಳಬೇಕು. ನಾಲ್ಕು ಮೂಳೆ ಒಟ್ಟಿಗಿರುವ ಹಲಗೆ, ಉದ್ದ 7 ಇಂಚು, ತೂಕ 2.2 ಕೆಜಿ. ಅದಕ್ಕಿಂತ ಉದ್ದವಾದರೆ ನನ್ನ ಒಟಿಜಿಯ (ಪುಟ್ಟ ಕರೆಂಟ್ ಓವನ್) ಬಾಗಿಲು ಮುಚ್ಚುವುದಿಲ್ಲ.

ಓವನ್ 150 ಡಿಗ್ರಿ, ಫಾಯಿಲ್ ಸುತ್ತಿ 3 ಗಂಟೆ. ದ್ರಾಕ್ಷಿ ರಸ, ಬೆಲ್ಲ, ಮೆಣಸಿನಪುಡಿ ಕುದಿಸಿ ಮೊದಲೇ ಬಳಿದಿದ್ದೆ. ಎರಡೂ ಕೆಟ್ಟಿತು. ಮೇಲೆ ಕರಕಲು ಕಹಿ, ಒಳಗೆ ಮಾಂಸ ರಬ್ಬರ್. ಅಮ್ಮ ಅದನ್ನು ಬಿಡಿಸಿ ಕುಕ್ಕರ್‌ಗೆ ಹಾಕಿ ರಾತ್ರಿಗೆ ಸಾರು ಮಾಡಿದರು.

ಸಂಜೆ ಕೂತು ಯೋಚಿಸಿದೆ. ಅಮೆರಿಕದವರ ಪಾಕವಿಧಾನ ಹೇಳುವುದು ಎರಡು ವರ್ಷದೊಳಗಿನ, ಕಾಳು ತಿಂದು ಬೆಳೆದ ಎಳೆಯ ಹೋರಿಯ ಮಾಂಸದ ಬಗ್ಗೆ. ನಮ್ಮಲ್ಲಿ 2020ರ ಕಾಯ್ದೆಯ ಪ್ರಕಾರ ಹಸು, ಎತ್ತು, ಕರು ಕಡಿಯುವ ಹಾಗಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಅಂದರೆ ನನ್ನ ಕೈಯಲ್ಲಿರುವುದು ವಯಸ್ಸಾದ ಎಮ್ಮೆಯ ಪಕ್ಕೆಲುಬು. ಬಣ್ಣ ಗಾಢ ಕೆಂಪು, ಕೊಬ್ಬು ಅಚ್ಚ ಬಿಳಿ, ಮಾಂಸದೊಳಗೆ ಕೊಬ್ಬಿನ ಎಳೆ ಕಡಿಮೆ. ಪ್ರಾಣಿಗೆ ವಯಸ್ಸಾದಷ್ಟೂ ಮಾಂಸದಲ್ಲಿರುವ ಗಟ್ಟಿ ನಾರಾದ ಕೊಲಾಜನ್‌ನ ಹೆಣಿಗೆ ಬಿಗಿಯಾಗುತ್ತದೆ. ಅದು ಕರಗಿ ಮೆತ್ತನೆಯ ಜೆಲಟಿನ್ ಆಗುವುದಕ್ಕೆ ಜಾಸ್ತಿ ಹೊತ್ತು ಬೇಕು. 3 ಗಂಟೆ ಎಲ್ಲಿ ಸಾಕಾಗುತ್ತದೆ?

ಫೆಬ್ರವರಿ 8

ಇವತ್ತು ಮಾಂಸ ತರಲಿಲ್ಲ. ಎರಡೇ ಕೆಲಸ.

ಮೊದಲನೆಯದು ಓವನ್. ಒಳಗೆ ತೂಗುಹಾಕುವ ಥರ್ಮಾಮೀಟರ್ ತಂದು ನೋಡಿದೆ. ಗುಂಡಿ 150ಕ್ಕೆ ತಿರುಗಿಸಿದರೆ ಒಳಗೆ 172! ಮೇಲಿನ ಕಾಯಿಲ್ ಹತ್ತಿರ ಇನ್ನೂ ಜಾಸ್ತಿ. ಸಿಹಿ ಕರಕಲಾಗದೆ ಇನ್ನೇನಾಗುತ್ತದೆ? ಗುಂಡಿಯ ಮೇಲೆ ಪೆನ್ನಿನಿಂದ ಹೊಸ ಗುರುತು ಹಾಕಿದ್ದೇನೆ.

ಎರಡನೆಯದು ಗ್ಲೇಜ್. ಇದರ ಮೇಲೆ ಇಡೀ ಮಧ್ಯಾಹ್ನ ಹೋಯಿತು, ಬಹಳ ಖುಷಿಯ ಮಧ್ಯಾಹ್ನ. ಈ ದ್ರಾಕ್ಷಿಯನ್ನು ಹಿಸುಕಿದರೆ ತಿರುಳು ಪುಳಕ್ಕನೆ ಜಾರಿ ಬರುತ್ತದೆ, ದಪ್ಪ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬಣ್ಣ ಇರುವುದು ಸಿಪ್ಪೆಯಲ್ಲಿ. 1 ಕೆಜಿ ಹಣ್ಣಿನ ತಿರುಳು ಬೇಯಿಸಿ, ಬೀಜ ಸೋಸಿ, ಸಿಪ್ಪೆಯನ್ನು ಅದರಲ್ಲೇ 20 ನಿಮಿಷ ಕುದಿಸಿ ಮತ್ತೆ ಸೋಸಿದೆ. ಹಣ್ಣಿನಲ್ಲೇ ಗಟ್ಟಿ ಮಾಡುವ ಪೆಕ್ಟಿನ್ ಇರುವುದರಿಂದ ಕಾರ್ನ್‌ಫ್ಲೋರ್ ಇಲ್ಲದೆಯೇ ಗಟ್ಟಿಯಾಯಿತು.

ಆಮೇಲೆ ಎಣ್ಣೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಕೆಂಪಗೆ ಹುರಿದು, ನೆನೆಸಿ ರುಬ್ಬಿದ ಬ್ಯಾಡಗಿ ಮೆಣಸಿನಕಾಯಿ 8, ಕಾಳುಮೆಣಸು, ಅರೆದ ಸಾಸಿವೆ, ಸೋಸಿದ ದ್ರಾಕ್ಷಿ ರಸ, 120 ಗ್ರಾಂ ಬೆಲ್ಲ ಹಾಕಿದೆ. ಬ್ಯಾಡಗಿಯೇ ಯಾಕೆ ಅಂದರೆ ಬಣ್ಣ ಜಾಸ್ತಿ, ಖಾರ ಕಡಿಮೆ, ಹಣ್ಣನ್ನು ಮುಚ್ಚಿಹಾಕುವುದಿಲ್ಲ. ಬೆಲ್ಲ ಬಿದ್ದ ಕೂಡಲೇ ನೇರಳೆ ಬಣ್ಣ ಮಂಕಾಯಿತು. ಗಾಬರಿಯಾಗಿ ನಿಂಬೆ ಹಿಂಡಿದೆ. ಕಣ್ಣೆದುರೇ ಮತ್ತೆ ಕೆಂಪೇರಿತು. ದ್ರಾಕ್ಷಿಯ ಬಣ್ಣಕ್ಕೆ ಹುಳಿ ಸಿಕ್ಕರೆ ಕೆಂಪಾಗುತ್ತದೆ, ಹುಳಿ ತಗ್ಗಿದರೆ ಕಪ್ಪು ನೀಲಿಗೆ ತಿರುಗುತ್ತದೆ. ಬೆಲ್ಲ ಕಾಯಿಸುವಾಗ ಕೊಳೆ ತೆಗೆಯಲು ಸುಣ್ಣ ಹಾಕುವುದುಂಟು, ಬಹುಶಃ ಅದರ ಪರಿಣಾಮ. ಕೊನೆಗೆ ಒಂದು ಚಮಚ ಹುಣಸೆ ರಸವನ್ನೂ ಸೇರಿಸಿದೆ.

ಒಂದು ಕೊರತೆ ಮಾತ್ರ ಕಾಡಿತು. ಕುದಿಸಿದ ಮೇಲೆ ಗಾಡಿ ಹತ್ತಿರ ಬರುವ ಆ ಘಮ ಇರಲಿಲ್ಲ. ಘಮ ಹಬೆ ಜೊತೆ ಹೊರಟುಹೋಗುತ್ತದೆ. ಮುಂದಿನ ಸಲ ಅರ್ಧ ಕಪ್ ಹಸಿ ರಸ ಎತ್ತಿಟ್ಟುಕೊಳ್ಳಬೇಕು.

ಫೆಬ್ರವರಿ 22

ಈ ಸಲ ಶನಿವಾರವೇ ಮಾಂಸ ತಂದೆ. ಮೂಳೆಯ ಹಿಂಭಾಗದ ಬಿಳಿ ಪೊರೆಯ ಅಂಚಿಗೆ ಚಮಚದ ಹಿಡಿ ತೂರಿಸಿ, ಟಿಶ್ಯೂದಲ್ಲಿ ಹಿಡಿದು ಎಳೆದು ತೆಗೆದೆ. ಅದಿದ್ದರೆ ಉಪ್ಪು ಸರಿಯಾಗಿ ಇಳಿಯುವುದಿಲ್ಲ, ತಿನ್ನುವಾಗ ಹಲ್ಲಿಗೂ ಸಿಗುತ್ತದೆ. ಕೆಜಿಗೆ 12 ಗ್ರಾಂ ಉಪ್ಪು ಸವರಿ ಫ್ರಿಜ್‌ನಲ್ಲಿ ರಾತ್ರಿಯಿಡೀ ಬಿಟ್ಟೆ.

ಭಾನುವಾರ ಈರುಳ್ಳಿ ಹಾಸಿನ ಮೇಲೆ ರಿಬ್ಸ್ ಇಟ್ಟು, ಕಾಲು ಕಪ್ ನೀರು ಹಾಕಿ, ಎರಡು ಪದರ ಫಾಯಿಲ್ ಬಿಗಿಯಾಗಿ ಮುಚ್ಚಿ 135 ಡಿಗ್ರಿಗೆ ಇಟ್ಟೆ. ಮಾಂಸದ ಒಳಗೆ 96 ಡಿಗ್ರಿ ಬರುವ ತನಕ ಕಾಯಿರಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆರು ಗಂಟೆ ಬೆಂದ ಮೇಲೆ 94 ಬಂತು. ಆಮೇಲೆ ಮುಳ್ಳು ಅಲ್ಲಾಡಲೇ ಇಲ್ಲ. ಒಂದೂವರೆ ಗಂಟೆ ಕಾದೆ, 95. ತೆಗೆದಾಗ ಮಾಂಸ ಮೆತ್ತಗಿತ್ತು, ಆದರೆ ರಸವೆಲ್ಲ ಹೊರಗೆ ಬಂದು ನಾರುನಾರಾಗಿ ಉದುರುತ್ತಿತ್ತು.

ಥರ್ಮಾಮೀಟರ್ ಕೆಟ್ಟಿದೆಯಾ ಅಂತ ಪರೀಕ್ಷೆ ಮಾಡಿದೆ. ಐಸ್ ನೀರಲ್ಲಿ ಸರಿಯಾಗಿ 0. ಕುದಿಯುವ ನೀರಲ್ಲಿ 97. ಅಲ್ಲಿ ಹೊಳೆಯಿತು! ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕೆ ಅಲ್ಲ, ಸುಮಾರು 97ಕ್ಕೇ ಕುದಿಯುತ್ತದೆ. ಬಾರ್ಬೆಕ್ಯೂಗೆ ಹೆಸರಾದ ಅಮೆರಿಕದ ಊರುಗಳಾದ ಆಸ್ಟಿನ್, ಮೆಂಫಿಸ್, ಕಾನ್ಸಾಸ್ ಸಿಟಿ ಮೂರೂ 300 ಮೀಟರ್‌ಗಿಂತ ತಗ್ಗಿನಲ್ಲಿವೆ. ಅಲ್ಲಿ 96 ಅಂದರೆ ಕುದಿಗೆ ಇನ್ನೂ ಮೂರು ನಾಲ್ಕು ಡಿಗ್ರಿ ಕೆಳಗೆ. ನನ್ನ ಅಡುಗೆಮನೆಯಲ್ಲಿ 96 ಅಂದರೆ ಕುದಿಯ ಹೊಸ್ತಿಲು. ಫಾಯಿಲ್ ಒಳಗಿನ ಹಬೆಯೇ 97 ಇರುವಾಗ ಮಾಂಸ ಅಲ್ಲಿಗೆ ಮುಟ್ಟಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ. ನಾನು ಕಾದಿದ್ದು ಬರೀ ಒಂದು ಅಂಕಿಗಾಗಿ.

ಅಮ್ಮ ಒಂದು ಗಂಟೆ ಮೊದಲೇ ಹೇಳಿದ್ದರು, ‘ಮೂಳೆ ತುದಿ ನೋಡು, ಮಾಂಸ ಹಿಂದಕ್ಕೆ ಸರಿದಿದೆ, ಇನ್ನು ಸಾಕು.’ ಕೇಳಬೇಕಿತ್ತು.

ಮಾರ್ಚ್ 8

ಇವತ್ತು ಸರಿಯಾಯಿತು. ಬರೆಯುವಾಗಲೂ ಬೆರಳಲ್ಲಿ ಆ ವಾಸನೆ ಇದೆ.

ಉಪ್ಪು ಸವರಿ 24 ಗಂಟೆ. 135 ಡಿಗ್ರಿ, ಫಾಯಿಲ್. ಐದು ಗಂಟೆ ಬೆಂದ ಮೇಲೆ ಅರ್ಧರ್ಧ ಗಂಟೆಗೆ ಉದ್ದ ಸೂಜಿ ಚುಚ್ಚಿ ನೋಡಿದೆ. 6 ಗಂಟೆ 10 ನಿಮಿಷಕ್ಕೆ ಸೂಜಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಮೂಳೆ ತುದಿ ಅರ್ಧ ಇಂಚು ಹೊರಗೆ ಕಾಣುತ್ತಿತ್ತು. ಆಗ ಒಳಗೆ 93.

ಫಾಯಿಲ್ ಬಿಚ್ಚಿ ತಳದ ರಸ ಬಸಿದುಕೊಂಡೆ. ಮಾಂಸದ ಮೇಲ್ಭಾಗ ಒರೆಸಿ ಹತ್ತು ನಿಮಿಷ ಹಾಗೇ ಬಿಟ್ಟೆ. ಒದ್ದೆ ಇದ್ದರೆ ಗ್ಲೇಜ್ ಜಾರುತ್ತದೆ. ನಂತರ ಓವನ್ 200 ಡಿಗ್ರಿ, ನಡುವಿನ ತಟ್ಟೆ. ತೆಳುವಾಗಿ ಒಂದು ಪದರ ಬಳಿದು 5 ನಿಮಿಷ, ಹೀಗೆ ಮೂರು ಸಲ. ದ್ರಾಕ್ಷಿಯ ಸಕ್ಕರೆಯಲ್ಲಿ ಸುಮಾರು ಅರ್ಧ ಫ್ರಕ್ಟೋಸ್, ಅದು ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. ಮೂರನೇ ಪದರದ ಹೊತ್ತಿಗೆ ಬಾಗಿಲ ಮುಂದೆಯೇ ನಿಂತಿರಬೇಕು, ಫೋನ್ ಬಂದರೂ ಎತ್ತಬಾರದು. ಎತ್ತಿಟ್ಟಿದ್ದ ಹಸಿ ರಸವನ್ನು ಉಳಿದ ಗ್ಲೇಜ್‌ಗೆ ಬೆರೆಸಿ ಹೊರಗೆ ತೆಗೆದ ಮೇಲೆ ಬಳಿದೆ. ಘಮ ವಾಪಸ್ ಬಂತು!

ಹೊಗೆಗೆ ತೆಂಗಿನ ಚಿಪ್ಪು. ಕೆಂಡ ಮಾಡಿ ಬಟ್ಟಲಲ್ಲಿಟ್ಟು, ಎಮ್ಮೆ ಕೊಬ್ಬಿನ ಒಂದು ಚೂರು ಹಾಕಿ, ರಿಬ್ಸ್ ಜೊತೆ ದೊಡ್ಡ ಪಾತ್ರೆಯಲ್ಲಿ 6 ನಿಮಿಷ ಮುಚ್ಚಿದೆ. ಅದಕ್ಕಿಂತ ಹೆಚ್ಚಾದರೆ ನಾಲಿಗೆಗೆ ಒಗರು.

ಹೊರಗೆ ಕಪ್ಪು ನೇರಳೆ ಹೊಳಪು, ಕಚ್ಚಿದರೆ ಮೊದಲು ಸಿಹಿ ಹುಳಿ, ಆಮೇಲೆ ಬ್ಯಾಡಗಿ, ಕೊನೆಗೆ ಎಮ್ಮೆ ಮಾಂಸದ ಗಟ್ಟಿ ರುಚಿ. ಎಳೆ ಮಾಂಸಕ್ಕೆ ಈ ಆಳ ಇರುವುದಿಲ್ಲ ಅಂತ ನನಗೆ ಈಗ ಅನ್ನಿಸುತ್ತಿದೆ. ಮೂಳೆಯಿಂದ ಬಿಡಿಸಲು ಸ್ವಲ್ಪ ಎಳೆಯಬೇಕು, ಅಷ್ಟು ಹಿಡಿತ ಇರಲೇಬೇಕು. ತಳದ ರಸದ ಕೊಬ್ಬು ತೆಗೆದು, ಕಾಳುಮೆಣಸು ಹಾಕಿ ಕುದಿಸಿದರೆ ಮುದ್ದೆಗೆ ಒಳ್ಳೆಯ ಸಾರು. ಅಮ್ಮ ಎರಡು ಮುದ್ದೆ ತಿಂದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿಲ್ಲ.

ಬಾಕಿ ಇರುವುದು: ಹಿಂಬದಿಯ ಮೂಲೆಯ ಮೂಳೆ ಇನ್ನೂ ಸ್ವಲ್ಪ ಒಣಗುತ್ತಿದೆ, ಮೂರನೇ ಗಂಟೆಗೆ ತಟ್ಟೆ ತಿರುಗಿಸಬೇಕು. ಬೆಲ್ಲ 100 ಗ್ರಾಂಗೆ ಇಳಿಸಬಹುದು. ದ್ರಾಕ್ಷಿ ಗಾಡಿಗಳು ಕಡಿಮೆಯಾಗುತ್ತಿವೆ, ಅದಕ್ಕೆ ನಾಳೆ 3 ಕೆಜಿ ತಂದು ತಿರುಳು, ಸಿಪ್ಪೆ ಬೇರೆ ಬೇರೆ ಫ್ರೀಜರ್‌ಗೆ ಹಾಕುತ್ತೇನೆ. ಜೂನ್‌ನಲ್ಲಿ ನೇರಳೆ ಹಣ್ಣು ಬಂದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ಬಳಿದು ನೋಡಬೇಕು.