ಮುಳ್ಳು ನೂರಕ್ಕೇರದ ಕೆಟಲ್

ನಾಲ್ಕು ತಿಂಗಳ ಹಿಂದೆ ನಮ್ಮ ಅಡುಗೆಮನೆಗೆ ಬಂದ ಎಲೆಕ್ಟ್ರಿಕ್ ಕೆಟಲ್ಲಿನ ಹೊಟ್ಟೆಯ ಮೇಲೆ, ಹಳೆಯ ಕಾರಿನ ಸ್ಪೀಡೋಮೀಟರಿನಂಥ ದುಂಡನೆಯ ಡಯಲ್ ಒಂದಿದೆ. ಬಿಳಿಯ ಮುಖ, ಕಪ್ಪು ಅಂಕಿಗಳು, ಕೆಂಪು ಮುಳ್ಳು. ನೀರು ಮರಳಿ, ಮೂತಿಯಿಂದ ಹಬೆ ಹೊರಟು, ಸ್ವಿಚ್ಚು ಟಕ್ಕೆಂದು ತಾನಾಗಿ ಆರಿದರೂ ಆ ಮುಳ್ಳು 95ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಈವರೆಗೆ ಒಮ್ಮೆಯೂ 100ನ್ನು ಮುಟ್ಟಿಲ್ಲ. ಮೊದಲ ವಾರ ಮನೆಮಂದಿಯೆಲ್ಲ ಇದು ಕೆಟ್ಟ ಮಾಲೆಂದೇ ತೀರ್ಮಾನಿಸಿ, ವಾಪಸು ಕಳಿಸಲು ರಟ್ಟಿನ ಡಬ್ಬವನ್ನು ಅಟ್ಟದಿಂದ ಇಳಿಸಿದ್ದರು. ಆದರೆ ತಪ್ಪಿನ ದೊಡ್ಡ ಪಾಲು ಕೆಟಲ್ಲಿನದಲ್ಲ, ಮೈಸೂರಿನದು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ನೀರು 97ರಿಂದ 98 ಡಿಗ್ರಿಯೊಳಗೇ ಕುದಿಯುತ್ತದೆ. ಬೆಂಗಳೂರಿನಲ್ಲಿ 97ರ ಹತ್ತಿರ, ಮಡಿಕೇರಿಯಲ್ಲಿ ಅದಕ್ಕಿಂತಲೂ ತುಸು ಕಡಿಮೆ. ಉಳಿದ ಎರಡು ಡಿಗ್ರಿ ಡಯಲ್ಲಿನ ಸ್ವಂತ ಸೋಮಾರಿತನ. ನೂರನ್ನು ನೋಡಲೇಬೇಕೆನ್ನುವವರು ಕೆಟಲ್ಲನ್ನು ಮಂಗಳೂರಿಗೆ ಒಯ್ಯಬೇಕು.

ಈ ಡಯಲ್ಲಿನ ಕಥೆಯನ್ನೇ ಮೊದಲು ಹೇಳಲು ಕಾರಣವಿದೆ. ಚೆಂದಕ್ಕೆಂದು ಕೊಟ್ಟ ಹೆಚ್ಚುವರಿ ಹಣದಲ್ಲಿ ಒಂದು ಪಾಲು ಇದಕ್ಕೇ ಸಂದಿದೆ, ಮತ್ತು ಇದರಿಂದ ನನಗೆ ಸಿಕ್ಕ ಮಾಹಿತಿ ಹೆಚ್ಚುಕಡಿಮೆ ಸೊನ್ನೆ. ಆದರೂ ಬೆಳಿಗ್ಗೆ ಆರು ಗಂಟೆಗೆ ಆ ಕೆಂಪು ಮುಳ್ಳು ಮೆಲ್ಲಗೆ ಏರುವುದನ್ನು ನೋಡುತ್ತ ನಿಲ್ಲುವುದು ನನಗೆ ಇಷ್ಟ. ರೆಟ್ರೊ, ಅಂದರೆ ಹಳೆಯ ಕಾಲದ ವೇಷದ, ಕೆಟಲ್ ಕೊಳ್ಳಬೇಕೇ ಬೇಡವೇ ಎಂದು ನನ್ನನ್ನು ಕೇಳಿದವರಿಗೆಲ್ಲ ಈ ಎರಡು ಮಾತುಗಳನ್ನೂ ಒಟ್ಟಿಗೇ ಹೇಳಬೇಕಾಗಿ ಬಂದಿದೆ.

ಹಿಂದೆ ನಮ್ಮಲ್ಲಿದ್ದದ್ದು ಒಂದೂವರೆ ಲೀಟರಿನ ಸಾದಾ ಸ್ಟೀಲ್ ಕೆಟಲ್. ಕೊಟ್ಟದ್ದು 900 ರೂಪಾಯಿ, ದುಡಿದದ್ದು ಏಳು ವರ್ಷ. ಮುಚ್ಚಳದ ಕೀಲು ಮುರಿದಾಗ ಅದೇ ಜಾತಿಯದನ್ನು ತರಬಹುದಿತ್ತು. ಅದರ ಬದಲು ಕೆನೆಬಣ್ಣದ ಮೈ, ಮರದ ಬಣ್ಣದ ಹಿಡಿ, ಹೊಳೆಯುವ ಅಂಚುಪಟ್ಟಿ ಇರುವ 1.7 ಲೀಟರಿನದನ್ನು 5,400 ರೂಪಾಯಿ ಕೊಟ್ಟು ತಂದೆವು. ಸರಿಯಾಗಿ ಆರು ಪಟ್ಟು. ಹಾಗಾದರೆ ಆ ದುಡ್ಡು ಎಲ್ಲಿಗೆ ಹೋಯಿತು?

ಒಳಗಿನ ಯಂತ್ರಕ್ಕಂತೂ ಹೋಗಿಲ್ಲ. ಎರಡರ ತಳದಲ್ಲೂ ಇರುವುದು ತಟ್ಟೆಯ ಕೆಳಗೆ ಹುದುಗಿಸಿದ ಒಂದು ತಾಪಕ ಸುರುಳಿ. ಎರಡನ್ನೂ ಆರಿಸುವುದು ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ, ಕಾದಾಗ ಬಾಗುವ ಒಂದು ಸಣ್ಣ ಬಿಲ್ಲೆ. ನೀರು ಕುದಿದಾಗ ಎದ್ದ ಹಬೆ ಒಂದು ಕಿರುದಾರಿಯಲ್ಲಿ ಇಳಿದು ಆ ಬಿಲ್ಲೆಯನ್ನು ತಲುಪಿದರೆ ಅದು ಚಟ್ಟನೆ ಬಾಗಿ ಸ್ವಿಚ್ಚನ್ನು ಎತ್ತುತ್ತದೆ. ಅಂದರೆ ಕೆಟಲ್ ಅಳೆಯುವುದು ಡಿಗ್ರಿಯನ್ನಲ್ಲ, ಹಬೆಯನ್ನು. ಆದ್ದರಿಂದಲೇ ಮಡಿಕೇರಿಯಲ್ಲೂ ಅದು ತಪ್ಪದೆ ಆರುತ್ತದೆ, ಆದ್ದರಿಂದಲೇ ಮುಚ್ಚಳ ತೆರೆದಿಟ್ಟರೆ ಕುದಿಯುತ್ತಲೇ ಇರುತ್ತದೆ. ಐಲ್ ಆಫ್ ಮ್ಯಾನ್ ಎಂಬ ಸಣ್ಣ ದ್ವೀಪದ ಸ್ಟ್ರಿಕ್ಸ್ ಎಂಬ ಕಂಪನಿ ಇಂಥ ನಿಯಂತ್ರಕಗಳನ್ನು ಜಗತ್ತಿನ ಎಷ್ಟೋ ಬ್ರ್ಯಾಂಡುಗಳಿಗೆ ಮಾಡಿಕೊಡುತ್ತದೆ. ಹೊರಗಿನ ಹೆಸರು ಬೇರೆಯಾದರೂ ಒಳಗಿನ ಕರುಳು ಒಂದೇ ಆಗಿರುವುದು ಈ ವ್ಯಾಪಾರದಲ್ಲಿ ತೀರ ಸಾಮಾನ್ಯ.

ಬೇಗ ಕಾಯುತ್ತದೆಯೇ ಎಂದರೆ, ಅದೂ ಇಲ್ಲ. ಎರಡೂ 1500 ವಾಟಿನವು. 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಸಲು ಸುಮಾರು 300 ಕಿಲೋಜೂಲ್ ಬೇಕು. 1500 ವಾಟಿನಲ್ಲಿ ಅದಕ್ಕೆ ನಾಲ್ಕು ನಿಮಿಷದ ಹತ್ತಿರ ಹಿಡಿಯುತ್ತದೆ, ಹೊರಗೆ ಸೋರುವ ಬಿಸಿಯನ್ನೂ ಸೇರಿಸಿದರೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ ವಿದ್ಯುತ್ ಸಲ್ಲುತ್ತದೆ. ಯೂನಿಟ್ಟಿಗೆ ಆರೋ ಏಳೋ ರೂಪಾಯಿ ಎಂದಿಟ್ಟುಕೊಂಡರೆ ಅರವತ್ತರಿಂದ ಎಪ್ಪತ್ತು ಪೈಸೆ. ಅದೇ ನೀರನ್ನು ಗ್ಯಾಸಿನ ಮೇಲೆ ಕಾಯಿಸಿದರೆ ಹನ್ನೊಂದು ಹನ್ನೆರಡು ಗ್ರಾಂ ಅನಿಲ ಉರಿಯುತ್ತದೆ, 14.2 ಕಿಲೋದ ಸಿಲಿಂಡರಿಗೆ 900 ರೂಪಾಯಿ ಎಂದರೆ ಅಲ್ಲಿಗೂ ಅಷ್ಟೇ ಖರ್ಚು. ಉಳಿತಾಯದ ಮಾತನ್ನು ಇಲ್ಲಿಗೇ ಬಿಡಬಹುದು. ಚೆಲುವಾದ ಕೆಟಲ್ಲನ್ನು ಉಳಿತಾಯದ ನೆಪದಲ್ಲಿ ಮನೆಗೆ ತರುವವರು ತಮ್ಮನ್ನು ತಾವೇ ಏಮಾರಿಸಿಕೊಳ್ಳುತ್ತಿದ್ದಾರೆ.

ಹಾಗಾಗಿ ದುಡ್ಡು ಹೋದದ್ದು ಹೊರಮೈಗೆ: ಬಣ್ಣಕ್ಕೆ, ಬಾಗಿಗೆ, ಹಿಡಿಗೆ, ಡಯಲ್ಲಿಗೆ. ಇದನ್ನು ಮೋಸವೆಂದು ನಾನು ಕರೆಯಲಾರೆ. ಕೆಟಲ್ ಎಂಬ ವಸ್ತು ಹುಟ್ಟಿದಂದಿನಿಂದಲೂ ಹಳೆಯ ಕಾಲದ ವೇಷ ಹಾಕಿಕೊಂಡೇ ಬಂದಿದೆ. 1909ರಲ್ಲಿ ಪೀಟರ್ ಬೆಹ್ರೆನ್ಸ್ ಎಂಬ ವಿನ್ಯಾಸಕಾರ ಜರ್ಮನಿಯ ಎಇಜಿ ಕಂಪನಿಗಾಗಿ ರೂಪಿಸಿದ ಎಲೆಕ್ಟ್ರಿಕ್ ಕೆಟಲ್ಲುಗಳಲ್ಲಿ ಕೆಲವದರ ಹಿತ್ತಾಳೆಯ ಮೈಮೇಲೆ ಸುತ್ತಿಗೆಯಿಂದ ಬಡಿದಂಥ ಗುರುತುಗಳಿದ್ದವು. ಯಾವ ಕಂಚುಗಾರನೂ ಅವನ್ನು ಬಡಿದಿರಲಿಲ್ಲ. ಯಂತ್ರವೇ ಆ ಗುರುತುಗಳನ್ನು ಒತ್ತಿತ್ತು. ವಿದ್ಯುತ್ತು ಆಗ ಮನೆಗಳಿಗೆ ಹೊಸದು, ಹೊಸದನ್ನು ಕಂಡು ಬೆಚ್ಚುವವರಿಗೆ ಕೈಕೆಲಸದ ಪಾತ್ರೆಯ ಸಲುಗೆ ಬೇಕಿತ್ತು. ನಿಜವಾದ ಹೊಸತನ ಬಂದದ್ದು ಇಂಗ್ಲೆಂಡಿನ ರಸೆಲ್ ಹಾಬ್ಸ್ ಕಂಪನಿ 1950ರ ದಶಕದ ನಡುವಿನಲ್ಲಿ ತಾನಾಗಿ ಆರುವ ಕೆಟಲ್ಲನ್ನು ಮಾರುಕಟ್ಟೆಗೆ ತಂದಾಗ. ಇಂದು ರೆಟ್ರೊ ಎಂದು ಮಾರಾಟವಾಗುವ ಮಾಲುಗಳೆಲ್ಲ ಅದೇ ದಶಕದ ನೆರಳುಗಳು. ಇಟಲಿಯ ಸ್ಮೆಗ್ ಕಂಪನಿ ಆರಂಭವಾದದ್ದು 1948ರಲ್ಲಿ, ಗ್ವಾಸ್ತಾಲ್ಲ ಎಂಬ ಊರಿನಲ್ಲಿ, ಎನಾಮೆಲ್ ಹಚ್ಚುವ ಕಾರ್ಖಾನೆಯಾಗಿ. ಅದರ ಹೆಸರಿನ ಮೊದಲ ಅಕ್ಷರವೇ ಎನಾಮೆಲ್ ಕೆಲಸವನ್ನು ಸೂಚಿಸುತ್ತದೆ. ಐವತ್ತರ ದಶಕದ ಗುಂಡುಗುಂಡಾದ ಫ್ರಿಜ್ಜನ್ನು ಅದು 1990ರ ದಶಕದಲ್ಲಿ ಮತ್ತೆ ತಂದು ಹೆಸರು ಮಾಡಿತು, ಆಮೇಲೆ ಅದೇ ಬಾಗುಗಳು ಕೆಟಲ್ಲಿಗೂ ಟೋಸ್ಟರಿಗೂ ಇಳಿದವು. ಅದರ ಕೆಟಲ್ಲಿನ ಬೆಲೆ ನನ್ನ ಕೈಗೆಟುಕುವಂಥದಲ್ಲ. ನನ್ನದು ಆ ಚೆಲುವಿನ ದೂರದ ನೆಂಟ.

ಒಂದು ಮಾತು ಮಾತ್ರ ನನಗೆ ನಗು ತರಿಸುತ್ತದೆ. ಈ ಕೆಟಲ್ಲಿನ ಡಬ್ಬದ ಮೇಲೆ ‘ಅಜ್ಜಿಯ ಅಡುಗೆಮನೆಯ ನೆನಪು’ ಎಂಬ ಅರ್ಥದ ಒಂದು ಸಾಲಿತ್ತು. ಯಾರ ಅಜ್ಜಿ? ನನ್ನ ಅಜ್ಜಿಯ ಮನೆಯಲ್ಲಿ ನೀರು ಕಾಯುತ್ತಿದ್ದದ್ದು ಬಚ್ಚಲೊಲೆಯ ಮೇಲೆ ಹೂತಿದ್ದ ತಾಮ್ರದ ಹಂಡೆಯಲ್ಲಿ, ತೆಂಗಿನ ಗರಿ ಮತ್ತು ಸೋಗೆಯ ಉರಿಯಲ್ಲಿ; ಕಾಫಿಯ ನೀರು ಮಸಿ ಹಿಡಿದ ಹಿತ್ತಾಳೆ ಚೊಂಬಿನಲ್ಲಿ. ಕೆನೆಬಣ್ಣದ ಕೆಟಲ್ಲು ನೆನಪಿಸುವ ಅಡುಗೆಮನೆ ಮಿಲಾನಿನದೋ ಅಮೆರಿಕದ ಯಾವುದೋ ಊರಿನದೋ ಇರಬೇಕು. ನಾವು ಎಂದೂ ಬದುಕದ ಕಾಲವನ್ನು ನೆನೆದು ಹಂಬಲಿಸುವಂತೆ ಮಾಡುವ ಈ ಕಲೆಗೆ ಕೈಮುಗಿಯಬೇಕು. ನಮ್ಮ ನೆನಪಿನಲ್ಲಿ ಕೆಟಲ್ ಎಂಬ ಆಕಾರ ಏನಾದರೂ ಇದ್ದರೆ, ಅದು ಬಸ್ ನಿಲ್ದಾಣದಲ್ಲಿ ಚಹಾ ಮಾರುವ ಹುಡುಗನ ಕೈಯಲ್ಲಿದ್ದ, ಸೊಟ್ಟಗಾದ ಅಲ್ಯುಮಿನಿಯಂ ಕೆಟ್ಲು. ಅದನ್ನು ಯಾವ ಕಂಪನಿಯೂ ಇನ್ನೂ ರೆಟ್ರೊ ಮಾಡಿ ಮಾರಿದ್ದನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಹೇಳಿದರೂ, ಕಣ್ಣಿಗೆ ಬೀಳುವ ವಸ್ತು ಚೆನ್ನಾಗಿರಲಿ ಎಂಬ ಆಸೆಗೆ ದುಡ್ಡು ಕೊಡುವುದು ತಪ್ಪಲ್ಲ. ಮಿಕ್ಸಿಯನ್ನು ಮೂಲೆಗೆ ತಳ್ಳಬಹುದು, ಕುಕ್ಕರನ್ನು ಕಪಾಟಿನಲ್ಲಿಡಬಹುದು. ಕೆಟಲ್ ದಿನವಿಡೀ ಕಟ್ಟೆಯ ಮೇಲೇ ಕೂತಿರುತ್ತದೆ. ನನ್ನ ತಕರಾರು ಚೆಲುವಿನ ಬಗ್ಗೆ ಅಲ್ಲ, ಚೆಲುವಿಗಾಗಿ ಬಿಟ್ಟುಕೊಟ್ಟ ಅನುಕೂಲಗಳ ಬಗ್ಗೆ, ಮತ್ತು ಅವು ಅಂಗಡಿಯಲ್ಲಿ ಕಾಣುವುದಿಲ್ಲವೆಂಬುದರ ಬಗ್ಗೆ.

ಮೊದಲನೆಯದು ತೂಕ. ಈ ಕೆಟಲ್ ಬರಿದಾಗಿದ್ದಾಗಲೇ ಒಂದೂಕಾಲು ಕಿಲೋ ತೂಗುತ್ತದೆ, 1.7 ಲೀಟರ್ ತುಂಬಿದರೆ ಮೂರು ಕಿಲೋದ ಹತ್ತಿರ. ಕುದಿಯುವ ನೀರು ತುಂಬಿದ ಮೂರು ಕಿಲೋವನ್ನು ಒಂದೇ ಕೈಯಲ್ಲಿ ಎತ್ತಿ ಬಗ್ಗಿಸುವುದು ಎಪ್ಪತ್ತು ದಾಟಿದ ಮಣಿಕಟ್ಟಿಗೆ ಸಣ್ಣ ಕೆಲಸವಲ್ಲ. ನಮ್ಮಮ್ಮ ಎರಡನೆಯ ದಿನವೇ ಇದನ್ನು ಮುಟ್ಟುವುದನ್ನು ಬಿಟ್ಟರು. ಎರಡನೆಯದು ಬಿಸಿ. ಇದರ ಗೋಡೆ ಒಂದೇ ಪದರದ ಉಕ್ಕು, ಅದರ ಮೇಲೆ ಬಣ್ಣ. ಹೊಳೆಯುವ ಸ್ಟೀಲನ್ನು ಕಂಡರೆ ಸುಡುತ್ತದೆಂಬ ಎಚ್ಚರ ಮಕ್ಕಳಿಗೂ ಇರುತ್ತದೆ. ಕೆನೆಬಣ್ಣದ ನುಣುಪು ಮೈ ಮಾತ್ರ ಪಿಂಗಾಣಿಯಂತೆ ತಣ್ಣಗೆ ಕಾಣುತ್ತದೆ, ಮುಟ್ಟಿದರೆ ಒಳಗಿನ ನೀರಿನಷ್ಟೇ ಸುಡುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಎರಡು ಪದರದ ಗೋಡೆ ಇರುವುದನ್ನೇ ಕೇಳಿ ಕೊಳ್ಳಬೇಕು, ಅದು ಇನ್ನಷ್ಟು ಭಾರವಾದರೂ ಸರಿ. ಮೂರನೆಯದು ನೀರಿನ ಮಟ್ಟ. ಹಳೆಯ ಕೆಟಲ್ಲಿನ ಮುಚ್ಚಳ ಅಗಲವಾಗಿತ್ತು, ಇಣುಕಿದರೆ ಗೆರೆ ಕಾಣುತ್ತಿತ್ತು. ಇದರಲ್ಲಿ ಹಿಡಿಯ ಹಿಂದೆ ಅಡಗಿದ ಒಂದು ಕಿರುಗಾಜಿದೆ, ಅದರ ಮೇಲೆ ಅರ್ಧ ಲೀಟರಿಗಿಂತ ಕೆಳಗೆ ಗುರುತೇ ಇಲ್ಲ. ಒಂದು ಲೋಟ ಕಷಾಯಕ್ಕೂ ಅರ್ಧ ಲೀಟರ್ ಕಾಯಿಸಬೇಕು, ಮಿಕ್ಕದ್ದನ್ನು ಚೆಲ್ಲಬೇಕು.

ಮೂತಿಯ ಅಂಚಿನ ಬಣ್ಣ ಮೂರನೆಯ ತಿಂಗಳಿಗೇ ಒಂದು ಕಡೆ ಎದ್ದಿತು. ಒಳಗೆ ಅಲ್ಲ, ಹೊರಗೆ. ಆರೋಗ್ಯಕ್ಕೇನೂ ಆಗದು, ಆದರೆ ಆರು ಪಟ್ಟು ಹಣ ಕೊಟ್ಟದ್ದೇ ಆ ಬಣ್ಣಕ್ಕಲ್ಲವೇ ಎಂಬ ಸಂಕಟ. ಮಾರಿದವರು ಫೋಟೋ ಕಳಿಸಿ ಎಂದರು, ಕಳಿಸಿದೆ, ಬಣ್ಣಕ್ಕೆ ಖಾತರಿ ಅನ್ವಯಿಸುವುದಿಲ್ಲವೆಂದರು.

ವಿದ್ಯುತ್ತಿನ ಮಾತನ್ನು ಯಾರೂ ಅಂಗಡಿಯಲ್ಲಿ ಎತ್ತುವುದಿಲ್ಲ, ಆದರೆ ಎತ್ತಲೇಬೇಕು. 1500 ವಾಟನ್ನು 230 ವೋಲ್ಟಿನಿಂದ ಭಾಗಿಸಿದರೆ ಆರೂವರೆ ಆಂಪಿಯರ್. ನಮ್ಮ ಮನೆಗಳಲ್ಲಿ ಮೊಬೈಲ್ ಚಾರ್ಜರ್ ಸಿಕ್ಕಿಸುವ ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್. ಆದ್ದರಿಂದ ಕೆಟಲ್ಲಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ಟೇ ಕ್ಷೇಮ. ವಿದೇಶಿ ರೆಟ್ರೊ ಮಾಲುಗಳಲ್ಲಿ 2000 ವಾಟನ್ನು ಮೀರಿದವೂ ಇವೆ, ಅವುಗಳ ದುಂಡು ಪಿನ್ನಿಗೆ ಅಡಾಪ್ಟರ್ ಹಾಕಿ ಸಣ್ಣ ಸಾಕೆಟ್ಟಿಗೆ ಚುಚ್ಚಿದರೆ ಪ್ಲಗ್ಗು ಕರಗುವ ವಾಸನೆ ಬರಲು ಹೆಚ್ಚು ದಿನ ಬೇಕಾಗದು. ಅಮೆರಿಕದಲ್ಲಿರುವ ಮಗನೋ ಸೊಸೆಯೋ ಪ್ರೀತಿಯಿಂದ ತಂದುಕೊಟ್ಟ ಕೆಟಲ್ ಆಗಿದ್ದರಂತೂ ಮೊದಲು ತಳ ತಿರುಗಿಸಿ ಓದಬೇಕು: ಅಲ್ಲಿನದು 120 ವೋಲ್ಟಿನ ಲೆಕ್ಕದ್ದು, ಇಲ್ಲಿ ಹಾಕಿದರೆ ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ಎಳೆದು ಸುಟ್ಟುಹೋಗುತ್ತದೆ. ಇಲ್ಲಿಂದ ಒಯ್ದದ್ದು ಅಲ್ಲಿ ಸುಡುವುದಿಲ್ಲ, ಆದರೆ ಒಂದು ಲೀಟರ್ ಕುದಿಯುವ ಹೊತ್ತಿಗೆ ಮಾತಿಗೆ ಕೂತವರ ಸುದ್ದಿಯೆಲ್ಲ ಮುಗಿದಿರುತ್ತದೆ. ಮನೆಯ ಸಾಮಾನ್ಯ ಇನ್ವರ್ಟರ್ ಇವುಗಳಲ್ಲಿ ಯಾವುದನ್ನೂ ಎಳೆಯಲಾರದು. ಕರೆಂಟು ಹೋದಾಗ ರೆಟ್ರೊ ಕೆಟಲ್ಲೂ ಸಾದಾ ಕೆಟಲ್ಲೂ ಸಮಾನ.

ಇನ್ನು ಹಾಲು. ಕೆಟಲ್ಲಿನಲ್ಲಿ ಹಾಲು ಕಾಯಿಸಬಾರದು. ಉಕ್ಕಿ ಹಬೆಯ ದಾರಿಗೆ ನುಗ್ಗುತ್ತದೆ, ತಳಕ್ಕೆ ಹತ್ತಿ ಸೀಯುತ್ತದೆ. ಹಾಲು ಸಕ್ಕರೆ ಸೊಪ್ಪು ಎಲ್ಲವನ್ನೂ ಒಟ್ಟಿಗೆ ಕುದಿಸಿ ಚಹಾ ಮಾಡುವ ಮನೆಗೆ ಕೆಟಲ್ಲಿನ ಉಪಯೋಗ ಅರ್ಧಕ್ಕರ್ಧ ಕಡಿಮೆ. ಫಿಲ್ಟರ್ ಕಾಫಿಯ ಮನೆಗೆ ಅದು ಚೆನ್ನಾಗಿ ಒಗ್ಗುತ್ತದೆ, ಡಿಕಾಕ್ಷನ್ನಿಗೆ ಬೇಕಾದದ್ದು ಬರೀ ಬಿಸಿನೀರು. ನನ್ನ ಈ ಕೆಟಲ್ಲಿಗೆ ಕೊಕ್ಕರೆಯ ಕತ್ತಿನಂಥ ಸಪೂರ ಮೂತಿಯಿದೆ; ಫಿಲ್ಟರಿನ ಪುಡಿಯ ಮೇಲೆ ನೀರನ್ನು ನೂಲಿನಂತೆ ಸುತ್ತಲೂ ಬಿಡಬಹುದು, ಹಳೆಯದರ ಅಗಲ ಮೂತಿ ಧೊಪ್ಪನೆ ಸುರಿದು ಪುಡಿಯಲ್ಲಿ ಗುಳಿ ಮಾಡುತ್ತಿತ್ತು. ಡಿಕಾಕ್ಷನ್ ಈಗ ಹೆಚ್ಚು ಗಟ್ಟಿಯಾಗಿ ಇಳಿಯುತ್ತದೆ. ಆರು ಪಟ್ಟು ಹಣದಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಈ ಮೂತಿಯೊಂದೇ, ಮತ್ತು ಅದಕ್ಕೂ ರೆಟ್ರೊಗೂ ಸಂಬಂಧವಿಲ್ಲ. ಕಪ್ಪು ಬಣ್ಣದ ಸಾದಾ ಕೆಟಲ್ಲಿಗೂ ಅದನ್ನು ಕೂರಿಸಿ ಮಾರುತ್ತಾರೆ. ಆದರೆ ಅದೇ ಸಪೂರ ಮೂತಿಯೊಳಗೆ ಕೈ ಹೋಗದು, ಬ್ರಷ್ಷೂ ಹೋಗದು. ಬೋರ್‌ವೆಲ್ ನೀರಿನ ಸುಣ್ಣ ಅಲ್ಲಿ ಕಟ್ಟುತ್ತದೆ. ತಿಂಗಳಿಗೊಮ್ಮೆ ಒಂದು ಚಮಚ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ನೀರಿಗೆ ಹಾಕಿ ಕುದಿಸಿ, ಅರ್ಧ ಗಂಟೆ ಬಿಟ್ಟು, ಮೂತಿಯ ಮೂಲಕವೇ ಸುರಿದು, ಎರಡು ಸಲ ತಿಳಿನೀರಿನಲ್ಲಿ ಕುದಿಸಿ ಚೆಲ್ಲುತ್ತೇನೆ.

ಮೊನ್ನೆ ಎದುರುಮನೆಯವರು ಬಂದು, ಮೊಬೈಲಿನಲ್ಲಿ ಪಿಸ್ತಾ ಹಸಿರಿನದನ್ನು ತೋರಿಸಿ, ಅವರ ಅತ್ತೆಗೆ ಕೊಡಿಸಲು ಈ ಬಣ್ಣ ಒಪ್ಪುತ್ತದೆಯೇ ಎಂದು ಕೇಳಿದರು. ನಾನು ಮೇಲಿನ ಯಾವುದನ್ನೂ ಹೇಳಲಿಲ್ಲ. ನಮ್ಮ ಕೆಟಲ್ಲಿಗೆ ಕಂಠಮಟ್ಟ ತಣ್ಣೀರು ತುಂಬಿ, ಒಂದು ಕೈಯಲ್ಲಿ ಎತ್ತಿ ಈ ಲೋಟಕ್ಕೆ ಬಗ್ಗಿಸಿ ನೋಡಿ ಎಂದೆ. ಅರ್ಧ ಲೋಟ ಕಟ್ಟೆಯ ಮೇಲೆ ಚೆಲ್ಲಿತು. ಒಂದು ಲೀಟರಿನ, ಅಗಲ ಮುಚ್ಚಳದ ಸ್ಟೀಲಿನದನ್ನೇ ಕೊಂಡರಂತೆ. ಪಿಸ್ತಾ ಹಸಿರಿನದು ತಮಗಾಗಿ ಬೇಕೆಂದು ಇನ್ನೂ ನೋಡುತ್ತಿದ್ದಾರೆ, ಮತ್ತು ಅದಕ್ಕೆ ನಾನು ಬೇಡವೆಂದಿಲ್ಲ.